ಗುಡ್ಡದ ಮೇಲಿನ ಬಿಳಿಕಲ್ಲಿನ ಸಾಲು: ಬೆಣಚುಕಲ್ಲಿನ ರೀಫ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮಡಕಶಿರಾ, ರೊಳ್ಳ, ಅಮರಾಪುರ, ಆ ಕಡೆ ರಾಯದುರ್ಗ, ಒಟ್ಟು ಆಂಧ್ರದ ಗಡಿಯಲ್ಲಿರೋ ನಮ್ಮ ಕನ್ನಡದೋರ ಊರುಗಳಲ್ಲಿ ನಾನು ಭೂವಿಜ್ಞಾನ ಓದಿದೋನು ಅಂತ ಗೊತ್ತಾದ್ರೆ ಸಾಕು, ಮದುವೆ ಮನೆ ಆಗ್ಲಿ ಬಸ್‌ಸ್ಟಾಂಡ್ ಆಗ್ಲಿ, ಬಿಳಿಕಲ್ಲಿನ ಮಾತು ಬಂದೇ ಬರ್ತದೆ. ಕೆಲವರು ಕಲ್ಲನ್ನ ಜೇಬಲ್ಲೇ ಇಟ್ಕೊಂಡು ಬರ್ತಾರೆ, ಕೆಲವರು ವಾಟ್ಸಾಪಲ್ಲಿ ಫೋಟೋ ಹಾಕ್ತಾರೆ. ಕೇಳಿದ್ದನ್ನೇ ಮತ್ತೆ ಮತ್ತೆ ಕೇಳ್ತಿರೋದ್ರಿಂದ ಎಲ್ಲಾ ಒಂದೇ ಕಡೆ ಬರೆದಿಟ್ಟಿದೀನಿ. ಪ್ರಶ್ನೆಗಳು ಅವರವರು ಕೇಳಿದ ಮಾತಲ್ಲೇ ಇವೆ. ಸುಲಭದ್ದು ಮೊದಲು, ಆಳದ್ದು ಆಮೇಲೆ.

ಮೊದಲ ಮಾತುಗಳು

ಸಾರ್, ನಮ್ಮ ಹೊಲದ ಪಕ್ಕದ ಗುಡ್ಡದ ಮೇಲೆ ಬಿಳಿಕಲ್ಲು ಗೋಡೆ ಥರ ಉದ್ದಕ್ಕೆ ನಿಂತೈತೆ, ಹಳೇ ಕಾಲದ ರಾಜರು ಕಟ್ಟಿಸಿದ್ದಾ ಇದು?

ಯಾರೂ ಕಟ್ಟಿಸಿದ್ದಲ್ಲ. ಅದು ಬೆಣಚುಕಲ್ಲು, ಕ್ವಾರ್ಟ್ಜ್ ಅಂತೀವಲ್ಲ ಅದೇ. ಭೂಮಿ ಒಳಗೆ ಕಲ್ಲು ಸೀಳಿಕೊಂಡು ಜರುಗಿದ ಜಾಗಕ್ಕೆ ಫಾಲ್ಟ್ ಅಂತಾರೆ, ಆ ಫಾಲ್ಟ್ ಉದ್ದಕ್ಕೂ ಬಿಸಿನೀರು ಹರಿದು, ನೀರಲ್ಲಿ ಕರಗಿದ್ದ ಸಿಲಿಕಾ, ಅಂದ್ರೆ ಬೆಣಚುಕಲ್ಲು ಆಗಿರೋ ಪದಾರ್ಥ, ಅಲ್ಲೇ ಕಟ್ಟಿಕೊಂಡು ಗಟ್ಟಿಯಾಗಿದ್ದು ಇದು. ಸಣ್ಣದಾಗಿದ್ರೆ ಎಳೆ ಅಥವಾ ವೇನ್ ಅಂತೀವಿ, ಗುಡ್ಡದ ಬೆನ್ನಿಗೇ ನಿಲ್ಲೋ ಅಷ್ಟು ದೊಡ್ಡದಾದ್ರೆ ರೀಫ್ ಅಂತೀವಿ. ಇದು ಆಗಿದ್ದು ಭೂಮಿ ಮೇಲಲ್ಲ, ಎಷ್ಟೋ ಕಿಲೋಮೀಟರ್ ಆಳದಲ್ಲಿ. ಮೇಲಿದ್ದ ಕಲ್ಲೆಲ್ಲಾ ಕೋಟ್ಯಂತರ ವರ್ಷದಲ್ಲಿ ಸವೆದು ಹೋಗಿ ಈಗ ನಮ್ಮ ಕಣ್ಣಿಗೆ ಬಿದ್ದಿದೆ.

ಲಾವಾ ಹರಿದು ಬಂದು ಹಿಂಗೆ ಆಗಿದ್ದಲ್ವಾ?

ಅಲ್ಲ, ಮತ್ತೆ ಈ ಗೊಂದಲ ತುಂಬಾ ಜನಕ್ಕಿದೆ, ಯಾಕಂದ್ರೆ ನಮ್ಮ ಕಡೆ ಬಿಳಿ ಸಾಲಿನ ಜೊತೆ ಕರಿಕಲ್ಲಿನ ಸಾಲುಗಳೂ ಇವೆ, ದಪ್ಪ ದಪ್ಪ ಗುಂಡುಗಳು ಸಾಲಾಗಿ ಪೇರಿಸಿಟ್ಟಂಗೆ ಕಾಣ್ತವಲ್ಲ ಅವು. ಆ ಕರಿಕಲ್ಲು ಡಾಲರೈಟ್ ಡೈಕ್, ಅದು ನಿಜವಾಗ್ಲೂ ಕರಗಿದ ಶಿಲಾರಸ ಬಿರುಕಿಗೆ ನುಗ್ಗಿ ಆರಿದ್ದು. ಬೆಣಚುಕಲ್ಲಿನ ಸಾಲು ಹಂಗಲ್ಲ. ಶುದ್ಧ ಸಿಲಿಕಾ ಕರಗಬೇಕು ಅಂದ್ರೆ 1700 ಡಿಗ್ರಿ ಸೆಲ್ಸಿಯಸ್ ಹತ್ರ ಬೇಕು, ಭೂಮಿಯ ಮೇಲ್ಪದರದಲ್ಲಿ ಅಷ್ಟು ಬಿಸಿ ಎಲ್ಲೂ ಇರಲ್ಲ. ನೀರು ಸೇರಿದ್ರೆ ಮಾತ್ರ ಅದೇ ಕೆಲಸ 200ರಿಂದ 400 ಡಿಗ್ರಿಯಲ್ಲೇ ಆಗಿಹೋಗ್ತದೆ, ಕರಗಿ ರಸ ಆಗಿ ಅಲ್ಲ, ನೀರಲ್ಲಿ ಬೆರೆತು.

ಇನ್ನೊಂದು ಜಾತಿ ಪೆಗ್ಮಟೈಟ್. ಅದರಲ್ಲೂ ಬೆಣಚುಕಲ್ಲು ಇರ್ತದೆ, ಜೊತೆಗೆ ಗುಲಾಬಿ ಅಥವಾ ಕೆನೆ ಬಣ್ಣದ ಫೆಲ್ಡ್‌ಸ್ಪಾರ್, ಹಾಳೆ ಹಾಳೆಯಾಗಿ ಏಳೋ ಅಭ್ರಕ ಇರ್ತದೆ. ಅದು ಶಿಲಾರಸದ ಕೊನೇ ಉಳಿಕೆ. ಬರೀ ಬಿಳಿ, ಬೇರೇನೂ ಇಲ್ಲ ಅಂದ್ರೆ ಬಹುತೇಕ ಬಿಸಿನೀರಿನ ಕೆಲಸ.

ಕಲ್ಲು ನೀರಲ್ಲಿ ಕರಗ್ತದಾ? ನಮ್ಮ ಬಾವಿಲಿ ಇಷ್ಟು ವರ್ಷದಿಂದ ಬಿದ್ದಿರೋ ಕಲ್ಲು ಹಂಗೇ ಐತಲ್ಲ!

ಬಾವಿ ನೀರು ತಣ್ಣಗಿರ್ತದೆ, ಅದಕ್ಕೆ. 25 ಡಿಗ್ರಿಯಲ್ಲಿ ಒಂದು ಲೀಟರ್ ನೀರಿಗೆ ಕ್ವಾರ್ಟ್ಜ್ ಕರಗೋದು ಹತ್ತು ಮಿಲಿಗ್ರಾಂ ಆಸುಪಾಸು, ಅಂದ್ರೆ ಲೆಕ್ಕಕ್ಕೇ ಇಲ್ಲ. ನೂರು ಡಿಗ್ರಿಗೆ ಹೋದ್ರೆ 50 ಮಿಲಿಗ್ರಾಂ, 300 ಡಿಗ್ರಿಗೆ ಹೋದ್ರೆ ಅರ್ಧ ಗ್ರಾಮಿಗಿಂತ ಜಾಸ್ತಿ. ಒತ್ತಡ ಇನ್ನೂ ಏರಿದ್ರೆ, ಬಿಸಿ ಇನ್ನೂ ಏರಿದ್ರೆ, ಕರಗೋದು ಇನ್ನೂ ಜಾಸ್ತಿ. ಇಡೀ ವಿಷಯದ ಬೇರು ಇದೇ: ಆಳದಲ್ಲಿ ತುಂಬಿಕೊಂಡು ಬರೋ ನೀರು ಮೇಲೆ ಬಂದಂಗೆ ಹೊರಲಾರದೆ ಬಿಟ್ಟುಬಿಡ್ತದೆ.

300 ಡಿಗ್ರಿ ಅಂದ್ರೆ ನೀರು ಆವಿಯಾಗಿ ಹೋಗಲ್ವೇನಣ್ಣಾ?

ನಮ್ಮ ಒಲೆ ಮೇಲೆ ಆದ್ರೆ ನೂರಕ್ಕೇ ಕುದಿದು ಹೋಗ್ತದೆ. ಆಳದಲ್ಲಿ ಮೇಲಿನ ಕಲ್ಲಿನ ಭಾರ ಒತ್ತಿ ಹಿಡಿದಿರ್ತದೆ. ಹತ್ತು ಕಿಲೋಮೀಟರ್ ಆಳದಲ್ಲಿ ಕಲ್ಲಿನ ಒತ್ತಡ 2700 ಬಾರ್ ಹತ್ರ, ನಾವು ನಿಂತಿರೋ ಜಾಗದ ಗಾಳಿ ಒತ್ತಡ ಒಂದು ಬಾರ್ ಅಷ್ಟೇ. ಅಷ್ಟು ಒತ್ತಡದಲ್ಲಿ ನೀರು 300 ಡಿಗ್ರಿಲೂ ಕುದಿಯೋಕಾಗಲ್ಲ. 374 ಡಿಗ್ರಿ ಮತ್ತು 221 ಬಾರ್ ಎರಡೂ ದಾಟಿದ್ರೆ ಶುದ್ಧ ನೀರಿಗೆ ದ್ರವ, ಆವಿ ಅನ್ನೋ ಭೇದಾನೇ ಇರಲ್ಲ, ಅದಕ್ಕೇ ಭೂವಿಜ್ಞಾನದಲ್ಲಿ ನೀರು ಅನ್ನದೆ ಫ್ಲೂಯಿಡ್ ಅಂತಾರೆ. ಅದರಲ್ಲಿ ಉಪ್ಪು ಇರ್ತದೆ, ಕಾರ್ಬನ್ ಡೈಆಕ್ಸೈಡ್ ಇರ್ತದೆ, ಗಂಧಕ ಇರ್ತದೆ.

ಈ ಕಲ್ಲು ಯಾವಾಗ್ಲೂ ಗುಡ್ಡದ ನೆತ್ತಿ ಮೇಲೇ ಯಾಕಿರ್ತದೆ?

ಅದು ಇದ್ದಿದ್ದಕ್ಕೇ ಅಲ್ಲಿ ಗುಡ್ಡ ಉಳ್ಕೊಂಡಿದೆ. ಸುತ್ತಲಿನ ಗ್ರಾನೈಟು, ನೈಸ್ (ಪಟ್ಟೆ ಪಟ್ಟೆ ಇರೋ ಕಲ್ಲು) ಇವುಗಳಲ್ಲಿರೋ ಫೆಲ್ಡ್‌ಸ್ಪಾರ್ ಮಳೆ ನೀರಿಗೆ ನಿಧಾನಕ್ಕೆ ಜೇಡಿಯಾಗಿ ಕೊಚ್ಚಿಹೋಗ್ತದೆ. ಬೆಣಚುಕಲ್ಲು ಮಳೆಗೂ ಬಗ್ಗಲ್ಲ, ಬಿಸಿಲಿಗೂ ಬಗ್ಗಲ್ಲ. ಹಂಗಾಗಿ ಗುಡ್ಡದ ಬುಡದ ಹೊಲದಲ್ಲೂ ಬಿಳಿ ಚೂರುಗಳು ಹರಡಿರ್ತವೆ, ನೇಗಿಲಿಗೆ ಸಿಕ್ಕೋದು ಅವೇ.

ನೀರು, ಬಿರುಕು, ಕಲ್ಲು ಕಟ್ಟಿದ ಬಗೆ

ಅಷ್ಟೊಂದು ನೀರು ಭೂಮಿ ಒಳಗೆ ಎಲ್ಲಿಂದ ಬಂತು?

ಮೂರ್ನಾಕು ದಾರಿ ಇದೆ. ಮಳೆ ನೀರೇ ಬಿರುಕು ಹಿಡಿದು ಕೆಲವು ಕಿಲೋಮೀಟರ್ ಇಳಿದು ಕಾದು ವಾಪಸ್ ಬರೋದು ಒಂದು. ಪುತ್ತೂರು ತಾಲೂಕಿನ ಬೆಂದ್ರು ತೀರ್ಥದ ಬಿಸಿನೀರಿನ ಬುಗ್ಗೆ ನೋಡಿದೋರಿಗೆ ಇದು ಸುಲಭವಾಗಿ ಅರ್ಥ ಆಗ್ತದೆ. ಆರುತ್ತಿರೋ ಗ್ರಾನೈಟ್ ರಸದಿಂದ ಹೊರಬೀಳೋ ನೀರು ಇನ್ನೊಂದು. ಮೂರನೇದು ಜನರಿಗೆ ಗೊತ್ತೇ ಇಲ್ಲದ್ದು, ಕಲ್ಲಿನ ಒಳಗೇ ಇರೋ ನೀರು: ಕ್ಲೋರೈಟ್, ಅಭ್ರಕ ಇಂಥ ಖನಿಜಗಳ ಹರಳಲ್ಲೇ ನೀರು ಕಟ್ಟಿಹಾಕಿರ್ತದೆ, ಕಲ್ಲು ಆಳಕ್ಕೆ ಹೋಗಿ ಕಾದಾಗ ಆ ಖನಿಜ ಒಡೆದು ನೀರು ಬಿಡ್ತದೆ. ಕೋಲಾರ, ನಮ್ಮ ಅನಂತಪುರ ಸೀಮೆಯ ರಾಮಗಿರಿ ಥರದ ಚಿನ್ನದ ಎಳೆಗಳಿಗೆ ನೀರು ಬಂದಿದ್ದು ಮುಖ್ಯವಾಗಿ ಈ ದಾರಿಲಿ ಅನ್ನೋದು ಹೆಚ್ಚಿನವರು ಒಪ್ಪೋ ಮಾತು. ಸಮುದ್ರದ ಹತ್ರ ಆದ್ರೆ ಸಮುದ್ರದ ನೀರೂ ಸೇರ್ತದೆ. ಯಾವ ನೀರು ಅಂತ ಕಂಡುಹಿಡಿಯೋಕೆ ಆಕ್ಸಿಜನ್ ಮತ್ತು ಹೈಡ್ರೋಜನ್ ಐಸೋಟೋಪ್ (ಒಂದೇ ಧಾತುವಿನ ಬೇರೆ ಬೇರೆ ತೂಕದ ಪರಮಾಣು) ಅಳೀತಾರೆ, ಮಳೆ ನೀರಿಗೂ ಶಿಲಾರಸದ ನೀರಿಗೂ ಆ ಅಳತೆ ಬೇರೆ ಬೇರೆ ಬರ್ತದೆ.

ನೀರು ಸರಿ, ಸಿಲಿಕಾ ಯಾರು ಕೊಟ್ರು?

ದಾರಿಯಲ್ಲಿರೋ ಕಲ್ಲೇ ಕೊಡ್ತದೆ. ಗ್ರಾನೈಟಲ್ಲಿ ನೂರಕ್ಕೆ ಎಪ್ಪತ್ತು ಭಾಗ ಸಿಲಿಕಾನೇ. ಬಿಸಿಯಾದ, ಸ್ವಲ್ಪ ಆಮ್ಲ ಇರೋ ನೀರು ಫೆಲ್ಡ್‌ಸ್ಪಾರಿಗೆ ತಾಗಿದ್ರೆ ಅದು ಸಣ್ಣ ಅಭ್ರಕವಾಗಿ ಬದಲಾಗ್ತದೆ, ಆ ಬದಲಾವಣೆಲಿ ಮೂರು ಪಾಲು ಫೆಲ್ಡ್‌ಸ್ಪಾರಿಗೆ ಆರು ಪಾಲು ಸಿಲಿಕಾ ಹೊರಗೆ ಬರ್ತದೆ, ಪೊಟ್ಯಾಸಿಯಂ ನೀರಿನ ಜೊತೆ ಹೋಗ್ತದೆ. ಇದಕ್ಕೆ ಸಾಕ್ಷಿ ನೋಡಬೇಕಂದ್ರೆ ರೀಫಿನ ಅಂಚಲ್ಲಿರೋ ಗ್ರಾನೈಟ್ ಕೆರೆದು ನೋಡಿ. ಬಹಳ ಕಡೆ ಅದು ಗಟ್ಟಿ ಇರಲ್ಲ, ತಿಳಿ ಹಸಿರಾಗಿ, ಉಗುರಿಗೆ ಸಿಕ್ಕೋ ಅಷ್ಟು ಮೆತ್ತಗಾಗಿ, ಕೈಗೆ ನುಣುಪಾಗಿ ಅಂಟ್ತದೆ.

ಎಲ್ಲಾ ಬಿಟ್ಟು ಫಾಲ್ಟ್ ಉದ್ದಕ್ಕೇ ಯಾಕೆ ಕಟ್ಟಬೇಕು?

ಗಟ್ಟಿ ಗ್ರಾನೈಟ್ ಒಳಗೆ ನೀರು ಹರಿಯೋಕೆ ಜಾಗ ಇಲ್ಲ. ಫಾಲ್ಟ್ ಜರುಗಿದಾಗ ಮಧ್ಯದಲ್ಲಿ ಕಲ್ಲು ಪುಡಿಯಾಗ್ತದೆ, ಎರಡೂ ಪಕ್ಕ ಬಿರುಕು ಬಿಡ್ತದೆ, ಅದೇ ನೀರಿಗೆ ಹೆದ್ದಾರಿ. ಆದ್ರೆ ಫಾಲ್ಟ್ ಉದ್ದಕ್ಕೂ ಒಂದೇ ಸಮ ಕಟ್ಟಲ್ಲ, ಇದನ್ನ ಗಮನಿಸಬೇಕು. ಫಾಲ್ಟ್ ಯಾವತ್ತೂ ನೆಟ್ಟಗೆ ಇರಲ್ಲ, ಅಲ್ಲಲ್ಲಿ ಸೊಟ್ಟ ಆಗ್ತದೆ, ಒಂದು ತುಂಡು ಮುಗಿದು ಪಕ್ಕದಲ್ಲಿ ಇನ್ನೊಂದು ತುಂಡು ಶುರು ಆಗ್ತದೆ. ಎರಡು ಪಕ್ಕ ಜರುಗಿದಾಗ ಕೆಲವು ಸೊಟ್ಟಗಳಲ್ಲಿ ಕಲ್ಲು ಒಂದಕ್ಕೊಂದು ಒತ್ತಿಕೊಳ್ತದೆ, ಕೆಲವು ಸೊಟ್ಟಗಳಲ್ಲಿ ಬಾಯಿ ಬಿಡ್ತದೆ. ಬಾಯಿ ಬಿಟ್ಟ ಕಡೆ ರೀಫ್ ದಪ್ಪ, ಒತ್ತಿಕೊಂಡ ಕಡೆ ಸಣ್ಣ ಗೆರೆ. ಗುಡ್ಡದ ಮೇಲೆ ನಡೀತಾ ಹೋದ್ರೆ ರೀಫ್ ಉಬ್ಬಿ ತೆಳುವಾಗಿ ಮತ್ತೆ ಉಬ್ಬೋದು ಇದಕ್ಕೇ, ಗಣಿಗಾರಿಕೆ ಮಾಡೋರು ಮೊದಲು ನೋಡೋದೂ ಇದನ್ನೇ.

ಕರಗಿದ್ದ ಸಿಲಿಕಾ ಆ ಜಾಗದಲ್ಲೇ ಯಾಕೆ ಬಿತ್ತು, ಮೇಲಿನ ತನಕ ಯಾಕೆ ಬರ್ಲಿಲ್ಲ?

ನೀರು ತಣ್ಣಗಾಯ್ತು ಅಂತ ಪುಸ್ತಕದಲ್ಲಿ ಓದಿರ್ತೀವಿ, ಅದು ಅರ್ಧ ಉತ್ತರ. ನೀರು ನಿಧಾನಕ್ಕೆ ತಣ್ಣಗಾದ್ರೆ ಸಿಲಿಕಾ ದಾರಿ ಉದ್ದಕ್ಕೂ ಚೂರು ಚೂರೇ ಬೀಳಬೇಕಿತ್ತು, ಒಂದೇ ಕಡೆ ಇಷ್ಟು ದಪ್ಪ ಕಟ್ಟೋಕಾಗಲ್ಲ. ದೊಡ್ಡ ಕಾರಣ ಒತ್ತಡ ದಿಢೀರ್ ಬೀಳೋದು. ಫಾಲ್ಟ್ ಜರುಗಿದ ಕ್ಷಣದಲ್ಲಿ ಬಾಯಿ ಬಿಟ್ಟ ಜಾಗದೊಳಗೆ ಒತ್ತಡ ಏಕಾಏಕಿ ಕುಸೀತದೆ, ಕುಕ್ಕರಿನ ವೆಯ್ಟ್ ಎತ್ತಿದಂಗೆ. ಅಲ್ಲಿಗೆ ನುಗ್ಗಿದ ಬಿಸಿನೀರಿನ ಒಂದು ಪಾಲು ಹಬೆಯಾಗಿ ಹಾರಿಹೋಗ್ತದೆ, ಕರಗಿದ್ದೆಲ್ಲಾ ಉಳಿದ ನೀರಿನ ಮೇಲೆ ಬೀಳ್ತದೆ, ಅದು ಹೊರಲಾರದೆ ಸಿಲಿಕಾ ಕೆಳಗೆ ಬಿಡ್ತದೆ. 2013ರಲ್ಲಿ ಆಸ್ಟ್ರೇಲಿಯಾದ ವೆದರ್ಲಿ ಮತ್ತು ಹೆನ್ಲಿ ಅನ್ನೋ ಇಬ್ಬರು ಇದರ ಲೆಕ್ಕ ಹಾಕಿ, ಭೂಕಂಪದ ಹೊತ್ತಲ್ಲಿ ಫಾಲ್ಟಿನ ಸೊಟ್ಟಗಳಲ್ಲಿ ನೀರು ಕ್ಷಣಾರ್ಧದಲ್ಲಿ ಆವಿಯಾಗಿ ಕ್ವಾರ್ಟ್ಜೂ ಚಿನ್ನಾನೂ ಬಿಡಬಹುದು ಅಂತ ತೋರಿಸಿದ್ರು. ಇದಲ್ಲದೆ ಎರಡು ಬೇರೆ ಬೇರೆ ನೀರು ಸೇರಿದಾಗ, ಅಥವಾ ನೀರು ಪಕ್ಕದ ಕಲ್ಲಿನ ಜೊತೆ ವ್ಯವಹಾರ ಮಾಡಿದಾಗಲೂ ಬೀಳ್ತದೆ.

ಇದೆಲ್ಲಾ ಒಂದೇ ಸಲಕ್ಕೆ ಆಗಿದ್ದಾ, ಎಷ್ಟು ದಿನ ಹಿಡೀತು?

ಒಂದೇ ಸಲ ಅಲ್ಲ, ಈ ಪುಟದಲ್ಲಿ ಒಂದೇ ಒಂದು ವಿಷಯ ನೆನಪಿಟ್ಕೊಳ್ತೀರಾ ಅಂದ್ರೆ ಇದನ್ನ ಇಟ್ಕೊಳ್ಳಿ. ಒಂದು ರೀಫ್ ಅಂದ್ರೆ ನೂರಾರು ಸಾವಿರಾರು ಸಲ ಒಡೆದು ಮುಚ್ಚಿದ ಗಾಯ.

1980ರಲ್ಲಿ ಜಾನ್ ರಾಮ್ಸೆ ಅನ್ನೋ ಭೂವಿಜ್ಞಾನಿ ಇಂಥ ಎಳೆಗಳನ್ನ ಮೈಕ್ರೋಸ್ಕೋಪಲ್ಲಿ ನೋಡಿ, ಒಂದು ಎಳೆ ಒಳಗೆ ಕೂದಲಿಗಿಂತ ತೆಳು ಪದರಗಳು ಒಂದರ ಪಕ್ಕ ಒಂದು ಸಾಲಾಗಿರೋದನ್ನ ತೋರಿಸಿ, ಬಿರುಕು ಬಿಡೋದು ಮುಚ್ಚೋದು, ಮತ್ತೆ ಬಿಡೋದು ಮತ್ತೆ ಮುಚ್ಚೋದು ಹಿಂಗೇ ಬೆಳೆದಿದೆ ಅಂದ್ರು. 1988ರಲ್ಲಿ ಸಿಬ್ಸನ್, ರಾಬರ್ಟ್, ಪೌಲ್ಸನ್ ಮೂವರು ಕೆನಡಾದ ಚಿನ್ನದ ಗಣಿಯ ಎಳೆಗಳನ್ನ ನೋಡಿ ಇದನ್ನ ಭೂಕಂಪದ ಜೊತೆ ಕೂಡಿಸಿದ್ರು. ಅವರು ಹೇಳಿದ್ದು ಹಿಂಗೆ: ಮುಚ್ಚಿಕೊಂಡ ಫಾಲ್ಟಿನ ಕೆಳಗೆ ನೀರಿನ ಒತ್ತಡ ಏರ್ತಾ ಏರ್ತಾ ಮೇಲಿನ ಕಲ್ಲಿನ ಭಾರಕ್ಕೇ ಸಮ ಆಗ್ತದೆ, ಆಗ ಕಲ್ಲನ್ನ ಹಿಡಿದಿದ್ದ ಘರ್ಷಣೆ ಸಡಿಲ ಆಗಿ ಫಾಲ್ಟ್ ಜರುಗ್ತದೆ, ಭೂಕಂಪ ಆಗ್ತದೆ, ದಾರಿ ತೆರೆದು ನೀರು ಮೇಲೆ ನುಗ್ತದೆ, ಒತ್ತಡ ಬೀಳ್ತದೆ, ಕ್ವಾರ್ಟ್ಜ್ ಕಟ್ಟಿ ದಾರಿ ಮುಚ್ತದೆ, ಮತ್ತೆ ಒತ್ತಡ ಏರೋಕೆ ಶುರು. ಫಾಲ್ಟೇ ಒಂದು ವಾಲ್ವ್ ಆಗಿ ಕೆಲಸ ಮಾಡ್ತದೆ. ಗಣಿಯಲ್ಲಿ ಇದಕ್ಕೆ ಪುರಾವೆಯಾಗಿ ಮಲಗಿರೋ ಎಳೆಗಳು ಮತ್ತೆ ಕಡಿದಾಗಿ ನಿಂತಿರೋ ಎಳೆಗಳು ಒಂದನ್ನೊಂದು ಕತ್ತರಿಸಿಕೊಂಡಿರ್ತವೆ: ಒತ್ತಡ ಏರಿ ಕಲ್ಲನ್ನೇ ಎತ್ತಿದಾಗ ಮಲಗಿರೋದು ಆಗ್ತದೆ, ಜರುಗಿದ ಮೇಲೆ ಫಾಲ್ಟ್ ಒಳಗೆ ನಿಂತಿರೋದು ತುಂಬ್ತದೆ.

ಒಂದು ಸಲದ ಬಿರುಕು ಮುಚ್ಚೋಕೆ ಕೆಲವು ದಿನಗಳೂ ಸಾಕು, ನೂರಾರು ವರ್ಷಾನೂ ಹಿಡೀಬಹುದು, ಬಿಸಿ ಮತ್ತೆ ನೀರಿನ ಹರಿವಿನ ಮೇಲೆ ನಿಂತಿದೆ. ಇಡೀ ರೀಫಿಗೆ ಸಾವಿರಾರಿಂದ ಲಕ್ಷಾಂತರ ವರ್ಷ.

ಎಷ್ಟು ನೀರು ಬೇಕಾಗ್ತದೆ, ಒಂದು ಲೆಕ್ಕ ಹೇಳಿ ನೋಡೋಣ

ಹೇಳ್ತೀನಿ, ಈ ಲೆಕ್ಕ ಮಾಡಿದಾಗಲೇ ಇದರ ಗಾತ್ರ ಮನಸಿಗೆ ಹತ್ತೋದು. ಒಂದು ಕಿಲೋಮೀಟರ್ ಉದ್ದ, ಹತ್ತು ಮೀಟರ್ ದಪ್ಪ, ಐನೂರು ಮೀಟರ್ ಆಳದ ರೀಫ್ ಅಂತ ಇಟ್ಕೊಳ್ಳಿ. ಅದು 50 ಲಕ್ಷ ಘನ ಮೀಟರ್ ಕಲ್ಲು. ಕ್ವಾರ್ಟ್ಜ್ ಸಾಂದ್ರತೆ 2.65, ಹಂಗಾಗಿ ತೂಕ 1.3 ಕೋಟಿ ಟನ್ ಮೇಲೆ. ಪ್ರತಿ ಲೀಟರ್ ನೀರು ಅರ್ಧ ಗ್ರಾಂ ಸಿಲಿಕಾ ಪೂರ್ತಿ ಬಿಟ್ಟು ಹೋಯ್ತು ಅಂತ ಧಾರಾಳವಾಗಿ ಹಿಡಿದ್ರೂ ಬೇಕಾಗೋ ನೀರು 26 ಘನ ಕಿಲೋಮೀಟರಿಗಿಂತ ಜಾಸ್ತಿ, ಟಿಎಂಸಿಲಿ ಹೇಳೋದಾದ್ರೆ 900 ದಾಟ್ತದೆ. ತುಂಗಭದ್ರಾ ಡ್ಯಾಮಲ್ಲಿ ಈಗ ಹಿಡಿಸೋದು 105 ಟಿಎಂಸಿ ಆಸುಪಾಸು. ಅಂದ್ರೆ ಆ ಡ್ಯಾಮ್ ಎಂಟೊಂಬತ್ತು ಸಲ ತುಂಬೋ ನೀರು ಒಂದು ಕಿಲೋಮೀಟರ್ ಉದ್ದದ ಸಂದಿ ಒಳಗೆ ಹಾದುಹೋಗಬೇಕು. ನಿಜದಲ್ಲಿ ಪ್ರತಿ ಲೀಟರೂ ಅಷ್ಟು ಬಿಡಲ್ಲ, ಹಂಗಾಗಿ ಇನ್ನೂ ಜಾಸ್ತಿನೇ. ವರ್ಷಕ್ಕೆ 550 ಮಿಲಿಮೀಟರ್ ಮಳೆಗೆ ಕಾಯೋ ನಮ್ಮ ಅನಂತಪುರದ ಸೀಮೆಲಿ ಈ ಲೆಕ್ಕ ಹೇಳಿದ್ರೆ ರೈತರು ಸುಮ್ನೆ ಗುಡ್ಡ ನೋಡ್ತಾ ನಿಲ್ತಾರೆ.

ಕಲ್ಲು ಕೈಯಲ್ಲಿ ಹಿಡ್ಕೊಂಡು ಇದನ್ನೆಲ್ಲಾ ಹೆಂಗೆ ಗುರುತಿಸೋದು?

ಹತ್ತು ಪಟ್ಟು ದೊಡ್ಡದು ಮಾಡೋ ಒಂದು ಲೆನ್ಸ್ ಸಾಕು. ಹೊಸದಾಗಿ ಒಡೆದ ಮುಖ ನೋಡಿ, ಬಿಸಿಲಿಗೆ ಬಣ್ಣ ತಿರುಗಿದ್ದು ಬೇಡ. ಬಿಳಿ ಕಲ್ಲಲ್ಲಿ ಗೋಡೆಗೆ ಸಮಾನಾಂತರವಾಗಿ ಕಪ್ಪು ಅಥವಾ ಹಸಿರು ಸಣ್ಣ ಗೆರೆಗಳು ಸಾಲಾಗಿದ್ರೆ ಅದು ಒಡೆದು ಮುಚ್ಚಿದ ಗುರುತು, ಪ್ರತಿ ಸಲ ಬಿರುಕು ಬಿಟ್ಟಾಗ ಪಕ್ಕದ ಕಲ್ಲಿನ ಒಂದು ತೆಳು ಸಿಪ್ಪೆ ಎದ್ದು ಒಳಗೆ ಸಿಕ್ಕಿಕೊಂಡಿರ್ತದೆ. ಹರಳುಗಳು ಎರಡೂ ಗೋಡೆಯಿಂದ ಹೊರಟು ಮಧ್ಯಕ್ಕೆ ಚೂಪಾಗಿ ಬೆಳೆದು ನಡುವೆ ಖಾಲಿ ಜಾಗ ಉಳಿದಿದ್ರೆ ಅಲ್ಲಿ ನಿಜವಾಗ್ಲೂ ತೆರೆದ ಸಂದಿ ಇತ್ತು, ಸಾಮಾನ್ಯವಾಗಿ ಮೇಲಿನ ಮಟ್ಟದ, ಆಳ ಕಮ್ಮಿ ಇರೋ ಎಳೆ ಅದು. ನನಗೆ ಎಲ್ಲಕ್ಕಿಂತ ಇಷ್ಟ ಮೂರನೇ ಜಾತಿ: ಚೂಪು ಮೂಲೆಯ ಕಲ್ಲಿನ ತುಂಡುಗಳು, ಅವುಗಳ ಸುತ್ತ ಬಿಳಿ ಕ್ವಾರ್ಟ್ಜ್ ಮೆತ್ತಿಕೊಂಡಿರೋದು, ಬ್ರೆಶಿಯಾ ಅಂತಾರೆ. ಆ ತುಂಡುಗಳಲ್ಲೇ ಕೆಲವು ಹಳೇ ಕ್ವಾರ್ಟ್ಜಿನ ತುಂಡುಗಳಾಗಿರ್ತವೆ, ಅಂದ್ರೆ ಒಂದು ಸಲ ಕಟ್ಟಿದ ರೀಫೇ ಒಡೆದು ಮತ್ತೆ ಹೊಸ ಕ್ವಾರ್ಟ್ಜ್ ಅದನ್ನ ಅಂಟಿಸಿದೆ. ಭೂಕಂಪದ ಕಥೆ ಒಂದು ಅಂಗೈಯಷ್ಟು ಕಲ್ಲಲ್ಲಿ ಇಷ್ಟು ಸ್ಪಷ್ಟವಾಗಿ ಬೇರೆಲ್ಲೂ ಸಿಗಲ್ಲ.

ಸುಣ್ಣದ ಜಾತಿಯ ಬಿಳಿಕಲ್ಲಿನ ಜೊತೆ ಗೊಂದಲ ಆದ್ರೆ ಚಾಕುವಿನಿಂದ ಕೆರೀರಿ. ಕ್ಯಾಲ್ಸೈಟ್ ಕೆರೆದುಹೋಗ್ತದೆ, ಬೆಣಚುಕಲ್ಲಿನ ಮೇಲೆ ಚಾಕುವಿನ ಕಬ್ಬಿಣವೇ ಗೀಚಿ ಉಳೀತದೆ.

ಹಾಲಿನ ಬಣ್ಣ ಯಾಕೆ? ನೇರಳೆ, ಹೊಗೆ ಬಣ್ಣದ್ದೂ ಸಿಗ್ತದಲ್ಲ?

ಹರಳಿನ ಒಳಗೆ ಸಿಕ್ಕಿಹಾಕಿಕೊಂಡ ಲಕ್ಷಾಂತರ ಸೂಕ್ಷ್ಮ ನೀರಿನ ಹನಿಗಳು ಬೆಳಕನ್ನ ಚದುರಿಸೋದ್ರಿಂದ ಹಾಲಿನ ಬಣ್ಣ. ನೇರಳೆಗೆ ಚೂರು ಕಬ್ಬಿಣ, ಹೊಗೆ ಬಣ್ಣಕ್ಕೆ ಚೂರು ಅಲ್ಯೂಮಿನಿಯಂ, ಎರಡಕ್ಕೂ ಸುತ್ತಲಿನ ಕಲ್ಲಿನ ಸಹಜ ವಿಕಿರಣ ಬೇಕು. ಮೇಲಿನ ಕೆಂಪು ಹಳದಿ ಕಲೆ ತುಕ್ಕು ಅಷ್ಟೇ.

ಚಿನ್ನ, ವಜ್ರ, ನೀರು, ಕಾಸು

ನಮ್ಮ ರೀಫಲ್ಲಿ ಚಿನ್ನ ಇರ್ತದಾ?

ಬಹುಪಾಲು ರೀಫಲ್ಲಿ ಇರಲ್ಲ. ಇದನ್ನ ಹೇಳಿದ್ರೆ ಜನ ಮುಖ ಸಣ್ಣದು ಮಾಡ್ತಾರೆ, ಆದ್ರೆ ಕಾರಣ ಕೇಳಿ. ಇಂಥ ಎಳೆಗಳಿಗೆ ಚಿನ್ನ ನೀರಲ್ಲಿ ಬರೋದು ಗಂಧಕದ ಜೊತೆ ಜೋಡಿಯಾಗಿ. ಆ ಗಂಧಕವನ್ನ ಯಾರಾದ್ರೂ ಕಿತ್ತುಕೊಂಡ್ರೆ ಚಿನ್ನ ಒಂಟಿಯಾಗಿ ಕೆಳಗೆ ಬೀಳ್ತದೆ. ಕಿತ್ತುಕೊಳ್ಳೋದು ಕಬ್ಬಿಣ. ಹಸಿರು ಕಪ್ಪು ಬಣ್ಣದ, ಕಬ್ಬಿಣ ಜಾಸ್ತಿ ಇರೋ ಹಳೇ ಬಸಾಲ್ಟ್ ಕಲ್ಲು, ಅಂದ್ರೆ ಶಿಸ್ಟ್ ಪಟ್ಟಿಗಳಲ್ಲಿ ಇದು ನಡೀತದೆ, ಗಂಧಕ ಕಬ್ಬಿಣದ ಜೊತೆ ಸೇರಿ ಪೈರೈಟ್ ಆಗ್ತದೆ. ಅದಕ್ಕೇ ಕೋಲಾರದ ಮುಖ್ಯ ಚಿನ್ನದ ಎಳೆ, ಚಾಂಪಿಯನ್ ಲೋಡ್, ಇರೋದು ಅಂಥದೇ ಕಪ್ಪು ಕಲ್ಲಾದ ಆಂಫಿಬೊಲೈಟಲ್ಲಿ, ರಾಮಗಿರಿ ಚಿನ್ನ ಇರೋದು ಶಿಸ್ಟ್ ಪಟ್ಟಿಲಿ, ಕುಪ್ಪಂ ಕಡೆಯ ಚಿಗರಗುಂಟ ಮತ್ತೆ ಬಿಸಾನತ್ತಂ ಇರೋದು ಕೋಲಾರ ಪಟ್ಟಿಯ ದಕ್ಷಿಣ ತುದಿಲಿ. ಬರೀ ಗ್ರಾನೈಟ್ ನಡುವೆ ನಿಂತ ದೊಡ್ಡ ಬಿಳಿ ರೀಫ್ ನೋಡೋಕೆ ಭರ್ಜರಿ, ಚಿನ್ನದ ವಿಷಯದಲ್ಲಿ ಸಾಮಾನ್ಯವಾಗಿ ಖಾಲಿ. ಇರೋ ಕಡೆಲೂ ಟನ್ನಿಗೆ ಕೆಲವೇ ಗ್ರಾಂ, ಕಣ್ಣಿಗೆ ಕಾಣಲ್ಲ. ಕೋಲಾರದಲ್ಲಿ 1880ರಿಂದ 2001ರ ಫೆಬ್ರವರಿವರೆಗೆ ಮೂರು ಕಿಲೋಮೀಟರಿಗಿಂತ ಆಳಕ್ಕೆ ಇಳಿದು ತೆಗೆದ ಚಿನ್ನ ಒಟ್ಟು 800 ಟನ್ ಆಸುಪಾಸು.

ಕಲ್ಲಲ್ಲಿ ಹಳದಿ ಮಿನುಗಿದ್ರೆ ಸೂಜಿಯಿಂದ ಒತ್ತಿ ನೋಡಿ. ಪುಡಿಯಾದ್ರೆ ಪೈರೈಟ್, ಹಾಳೆ ಎದ್ರೆ ಅಭ್ರಕ, ತಗ್ಗು ಬಿದ್ದು ಹಂಗೇ ಉಳಿದ್ರೆ ಮಾತ್ರ ಲ್ಯಾಬಿಗೆ ಕೊಡಿ.

ವಜ್ರಕರೂರಲ್ಲಿ ಮಳೆ ಬಿದ್ಮೇಲೆ ವಜ್ರ ಹುಡುಕ್ತಾರಲ್ಲ, ಈ ಬಿಳಿ ಎಳೆಲಿ ಸಿಗಬಹುದಾ?

ಸಿಗಲ್ಲ. ವಜ್ರ ಹುಟ್ಟೋದು 150 ಕಿಲೋಮೀಟರ್ ಮತ್ತೆ ಅದಕ್ಕಿಂತ ಆಳದಲ್ಲಿ, ಮೇಲೆ ಬರೋದು ಕಿಂಬರ್ಲೈಟ್ ಅನ್ನೋ ಕಲ್ಲಿನ ಕೊಳವೆ ಹಿಡಿದು. ವಜ್ರಕರೂರಿನ ಕಿಂಬರ್ಲೈಟುಗಳು ಸುಮಾರು 110 ಕೋಟಿ ವರ್ಷ ಹಳೇವು. ಬೆಣಚುಕಲ್ಲಿನ ಎಳೆಗೂ ಅದಕ್ಕೂ ಸಂಬಂಧ ಇಲ್ಲ. ಜನ ಮೋಸ ಹೋಗೋದು ಎಲ್ಲಿ ಅಂದ್ರೆ, ಗಾಜು ಗೀಚಿತು ಆದ್ದರಿಂದ ವಜ್ರ ಅಂತ ತಿಳ್ಕೊಳ್ಳೋದು. ಕ್ವಾರ್ಟ್ಜ್ ಗಡಸುತನ 7, ಅದೂ ಗಾಜನ್ನ ಗೀಚ್ತದೆ! ಆರು ಮುಖದ ಉದ್ದನೆ ಹರಳು, ಮೈ ಮೇಲೆ ಅಡ್ಡ ಗೆರೆಗಳಿದ್ರೆ ಅದು ಕ್ವಾರ್ಟ್ಜ್. ವಜ್ರದ ಸಾಂದ್ರತೆ 3.52, ಒಂದೇ ಗಾತ್ರದ ಕ್ವಾರ್ಟ್ಜಿಗಿಂತ ಭಾರ. ಅಡ್ವಾನ್ಸ್ ಕೊಡಿ ಮಾರಿಸ್ತೀನಿ ಅನ್ನೋರಿಗೆ ದಯವಿಟ್ಟು ಒಂದು ರೂಪಾಯಿನೂ ಕೊಡಬೇಡಿ.

ರೀಫ್ ಪಕ್ಕ ಬೋರ್ ಹಾಕಿಸಿದ್ರೆ ನೀರು ಗ್ಯಾರಂಟಿನಾ?

ಗ್ಯಾರಂಟಿ ಅಂತ ಯಾರೇ ಹೇಳಿದ್ರೂ ನಂಬಬೇಡಿ, ಆದ್ರೆ ಕೇಳಬೇಕಾದ ಪ್ರಶ್ನೆನೇ. ಬೆಣಚುಕಲ್ಲು ಗಡುಸು ಆದ್ರೆ ಪೆಡಸು, ಬಗ್ಗಲ್ಲ, ಒಡೀತದೆ, ಅದಕ್ಕೇ ಅದರಲ್ಲೂ ಅದರ ಅಂಚಲ್ಲೂ ಬಿರುಕು ಜಾಸ್ತಿ, ಮಳೆ ನೀರು ಅಲ್ಲಿ ಇಳಿದು ನಿಲ್ತದೆ. ಹಂಗೇ ಬಿರುಕಿಲ್ಲದ ದಪ್ಪ ರೀಫ್ ಆದ್ರೆ ಅದು ನೆಲದೊಳಗಿನ ಕಟ್ಟೆ, ಮೇಲಿನ ಪಕ್ಕ ನೀರು ನಿಂತು ಕೆಳಗಿನ ಪಕ್ಕ ಒಣಗಿರ್ತದೆ. ಹಂಗಾಗಿ ರೀಫ್ ಮೇಲೇ ನೆಟ್ಟಗೆ ಕೊರೀಬೇಡಿ, ಕೊರೆಯೋ ಬಿಟ್ (ಡ್ರಿಲ್ ತುದಿ) ಸವೆದು ಕಾಸು ಹೋಗ್ತದೆ. ರೀಫ್ ಯಾವ ಕಡೆ ವಾಲಿದೆ ನೋಡಿ, ವಾಲಿದ ಕಡೆ ಸ್ವಲ್ಪ ದೂರ ಸರಿದು ಹಾಕಿದ್ರೆ ಆಳದಲ್ಲಿ ಅದರ ಅಂಚನ್ನ ಬೋರ್ ದಾಟ್ತದೆ, ಗುರಿ ಅದೇ ಅಂಚು. ಮೊದಲು ರೆಸಿಸ್ಟಿವಿಟಿ ಸರ್ವೆ, ಅಂದ್ರೆ ನೆಲ ಕರೆಂಟನ್ನ ಎಷ್ಟು ತಡೀತದೆ ಅಂತ ಅಳೆಯೋದು, ಮಾಡಿಸಿ, ನೀರಿಲ್ಲದ ಗಟ್ಟಿ ಕ್ವಾರ್ಟ್ಜಿನ ರೆಸಿಸ್ಟಿವಿಟಿ ತುಂಬಾ ಜಾಸ್ತಿ, ನೀರು ತುಂಬಿದ ಬಿರುಕಿದ್ರೆ ಕಮ್ಮಿ ತೋರಿಸ್ತದೆ.

ನನ್ನ ಹೊಲದ ಕಲ್ಲು ನಾನೇ ತೆಗೆದು ಮಾರಬಹುದಲ್ವಾ?

ಲೀಸ್ ಇಲ್ಲದೆ ಆಗಲ್ಲ, ಹೊಲ ನಿಮ್ದೇ ಆದ್ರೂ. ಕ್ವಾರ್ಟ್ಜನ್ನ 2015ರಲ್ಲಿ ಕೇಂದ್ರ ಸರ್ಕಾರ ಉಪಖನಿಜದ ಪಟ್ಟಿಗೆ ಹಾಕಿತ್ತು, 2025ರ ಫೆಬ್ರವರಿಲಿ ಬೆರೈಟ್, ಫೆಲ್ಡ್‌ಸ್ಪಾರ್, ಅಭ್ರಕದ ಜೊತೆ ಮತ್ತೆ ಪ್ರಧಾನ ಖನಿಜ ಅಂತ ಬದಲಾಯಿಸ್ತು. ಏನೇ ಆದ್ರೂ ಮೊದಲು ಜಿಲ್ಲೆಯ ಗಣಿ ಇಲಾಖೆಲಿ ವಿಚಾರಿಸಿ.

ಕಲ್ಲು ಪುಡಿ ಮಾಡೋ ಮಿಲ್ಲಲ್ಲಿ ನನ್ನ ತಮ್ಮ ಕೆಲಸ ಮಾಡ್ತಾನೆ, ಧೂಳಿಂದ ಏನೂ ಆಗಲ್ಲ ಅಂತಾರೆ, ನಿಜನಾ?

ನಿಜ ಅಲ್ಲ, ಇದನ್ನ ದಯವಿಟ್ಟು ಗಂಭೀರವಾಗಿ ತಗೊಳ್ಳಿ. ಕಣ್ಣಿಗೆ ಕಾಣದ ಸಣ್ಣ ಸಿಲಿಕಾ ಧೂಳು ಶ್ವಾಸಕೋಶದ ಆಳಕ್ಕೆ ಇಳಿದು ಅಲ್ಲೇ ಉಳೀತದೆ, ಗಾಯ ಮಾಡಿ ಗಟ್ಟಿ ಮಾಡ್ತದೆ, ಸಿಲಿಕೋಸಿಸ್ ಅಂತಾರೆ. ಬಂದ್ಮೇಲೆ ವಾಸಿ ಮಾಡೋ ಔಷಧ ಇಲ್ಲ, ಟಿಬಿ ಬರೋ ಅಪಾಯಾನೂ ಜಾಸ್ತಿ ಆಗ್ತದೆ. ಮುಖಕ್ಕೆ ಟವೆಲ್ ಕಟ್ಟಿಕೊಂಡ್ರೆ ಈ ಧೂಳು ನಿಲ್ಲಲ್ಲ. ನೀರು ಹಾಕಿ ಒದ್ದೆ ಮಾಡಿಯೇ ಪುಡಿ ಮಾಡೋದು, ಧೂಳು ಎಳೆಯೋ ಯಂತ್ರ, ಸರಿಯಾಗಿ ಕೂರೋ ಎನ್95 ಮಾಸ್ಕ್, ವರ್ಷ ವರ್ಷ ಎದೆ ಎಕ್ಸ್‌ರೇ, ಇವು ಬೇಕೇ ಬೇಕು. ದಮ್ಮು, ಒಣ ಕೆಮ್ಮು ಶುರುವಾಗಿದ್ರೆ ಡಾಕ್ಟರ ಹತ್ರ ಮೊದಲು ಹೇಳಬೇಕಾದ ಮಾತು ಮಿಲ್ಲಲ್ಲಿ ಕೆಲಸ ಅನ್ನೋದು, ಇಲ್ದಿದ್ರೆ ಬರೀ ಟಿಬಿ ಅಂತ ತಿಳ್ಕೊಂಡುಬಿಡೋ ಸಾಧ್ಯತೆ ಇದೆ.

ಇನ್ನೂ ಆಳಕ್ಕೆ ಹೋಗೋರಿಗೆ

ಪ್ರಪಂಚದಲ್ಲಿ ದೊಡ್ಡ ರೀಫ್ ಎಲ್ಲೆಲ್ಲಿವೆ, ಅಷ್ಟು ದೊಡ್ಡದು ಹೆಂಗಾಯ್ತು?

ಜರ್ಮನಿಯ ಬವೇರಿಯಾದಲ್ಲಿ ಪ್ಫಾಲ್ ಅಂತ ಸುಮಾರು 150 ಕಿಲೋಮೀಟರ್ ಉದ್ದದ್ದು ಇದೆ, ಕೆಲವು ಕಡೆ ಕಾಡಿನ ನಡುವೆ ಬಿಳಿ ಗೋಡೆಯಾಗಿ ಎದ್ದು ನಿಂತಿದೆ. ಚೀನಾದ ಗ್ವಾಂಗ್‌ಡಾಂಗಲ್ಲಿ ಹೆಯುವಾನ್ ಫಾಲ್ಟ್ ಮೇಲಿನ ರೀಫ್ ಸುಮಾರು 40 ಕಿಲೋಮೀಟರ್ ಉದ್ದ, 75 ಮೀಟರ್‌ವರೆಗೆ ದಪ್ಪ, ಅದೇ ಫಾಲ್ಟ್ ಮೇಲೆ ಇವತ್ತಿಗೂ ಬಿಸಿನೀರಿನ ಬುಗ್ಗೆಗಳಿವೆ. ನಮ್ಮ ದೇಶದಲ್ಲಿ ಬುಂದೇಲ್‌ಖಂಡದ ಗ್ರಾನೈಟಲ್ಲಿ ಈಶಾನ್ಯ ನೈಋತ್ಯ ದಿಕ್ಕಿಗೆ ಸಾಲು ಸಾಲು ರೀಫ್‌ಗಳು, ಡಾಲರೈಟ್ ಡೈಕುಗಳು ಅದಕ್ಕೆ ಅಡ್ಡಲಾಗಿ. ಅಲ್ಲಿ ಹಿಂದಿನೋರು ಈ ಗುಡ್ಡಸಾಲುಗಳ ಸಂದಿಗೆ ಏರಿ ಹಾಕಿ ಕೆರೆ ಮಾಡಿಕೊಂಡಿದ್ರು, ತುಂಬಾ ಬುದ್ಧಿವಂತ ಕೆಲಸ.

75 ಮೀಟರ್ ಅಗಲದ ಸಂದಿ ಯಾವತ್ತೂ ಬಾಯಿ ತೆರೆದು ನಿಂತಿರ್ಲಿಲ್ಲ, ಕಲ್ಲಿನ ಭಾರಕ್ಕೆ ಅದು ನಿಲ್ಲೋದೂ ಇಲ್ಲ. ದೊಡ್ಡ ರೀಫಿನ ಒಂದು ಪಾಲು ಒಡೆದು ಮುಚ್ಚಿ ಬೆಳೆದಿದ್ದು, ಇನ್ನೊಂದು ಪಾಲು ಪಕ್ಕದ ಕಲ್ಲನ್ನೇ ತಿಂದು ಆ ಜಾಗದಲ್ಲಿ ಸಿಲಿಕಾ ಕೂತಿದ್ದು. ಅಂಥ ಕಡೆ ನೋಡಿದ್ರೆ ಬಿಳಿ ಕಲ್ಲಲ್ಲಿ ಹಳೇ ಫೆಲ್ಡ್‌ಸ್ಪಾರಿನ ಆಕಾರ ಮಾತ್ರ ಉಳಿದಿರ್ತದೆ, ಒಳಗೆಲ್ಲಾ ಕ್ವಾರ್ಟ್ಜ್.

ಅಷ್ಟು ಹಳೇ ನೀರು 300 ಡಿಗ್ರಿ ಇತ್ತು ಅಂತ ಈಗ ಹೆಂಗೆ ಹೇಳ್ತೀರಿ?

ಆ ನೀರು ಇನ್ನೂ ಕಲ್ಲೊಳಗೇ ಇದೆ. ಹಾಲಿನ ಬಣ್ಣ ಕೊಡೋ ಹನಿಗಳು ಅಂದ್ನಲ್ಲ, ಅವೇ. ಬಿಸಿಯಲ್ಲಿ ಸಿಕ್ಕಿಕೊಂಡ ಹನಿ ತಣ್ಣಗಾದಾಗ ಕುಗ್ಗಿ ಒಳಗೊಂದು ಗುಳ್ಳೆ ಬರ್ತದೆ. ಕಲ್ಲನ್ನ ತೆಳ್ಳಗೆ ಸೀಳಿ ಮೈಕ್ರೋಸ್ಕೋಪ್ ಕೆಳಗೆ ಕಾಯಿಸ್ತಾ ಹೋದ್ರೆ ಒಂದು ಬಿಸಿಗೆ ಆ ಗುಳ್ಳೆ ಮಾಯ ಆಗ್ತದೆ, ಸಿಕ್ಕಿಕೊಂಡಾಗ ಕಮ್ಮಿ ಅಂದ್ರೂ ಅಷ್ಟು ಬಿಸಿ ಇತ್ತು ಅಂತ ಲೆಕ್ಕ, ಒತ್ತಡಕ್ಕೆ ತಕ್ಕಂತೆ ಅದಕ್ಕೆ ಸ್ವಲ್ಪ ಕೂಡಿಸ್ತಾರೆ. ಹೆಪ್ಪುಗಟ್ಟಿಸಿ ಮತ್ತೆ ಕರಗಿಸಿದ್ರೆ ಉಪ್ಪಿನ ಪ್ರಮಾಣ ತಿಳೀತದೆ. ಈ ದಾರಿ ತೋರಿಸಿದ್ದು ಹೆನ್ರಿ ಸೋರ್ಬಿ, 1858ರಲ್ಲಿ.

ಭೂಕಂಪದಲ್ಲಿ ಕ್ವಾರ್ಟ್ಜ್ ಕರೆಂಟ್ ಉತ್ಪಾದಿಸಿ ಚಿನ್ನ ಸೇರಿಸ್ತದೆ ಅಂತ ನ್ಯೂಸಲ್ಲಿ ಬಂತು, ಸುಳ್ಳಲ್ವಾ?

ಸುಳ್ಳಲ್ಲ. ಕ್ವಾರ್ಟ್ಜನ್ನ ಒತ್ತಿದ್ರೆ ವಿದ್ಯುತ್ ಹುಟ್ತದೆ ಅಂತ 1880ರಲ್ಲೇ ಕ್ಯೂರಿ ಸಹೋದರರು ತೋರಿಸಿದ್ರು, ಕ್ವಾರ್ಟ್ಜ್ ವಾಚ್ ಓಡೋದೂ ಇದೇ ಗುಣದಿಂದ. 2024ರಲ್ಲಿ ಆಸ್ಟ್ರೇಲಿಯಾದ ಮೊನಾಶ್ ವಿಶ್ವವಿದ್ಯಾಲಯದೋರು ಚಿನ್ನ ಕರಗಿರೋ ದ್ರವದಲ್ಲಿ ಕ್ವಾರ್ಟ್ಜ್ ಇಟ್ಟು ಭೂಕಂಪದ ಥರ ಅಲುಗಾಡಿಸಿದ್ರು, ಕ್ವಾರ್ಟ್ಜ್ ಮೇಲೆ ಚಿನ್ನ ಕೂತಿತು, ಮೊದಲೇ ಇದ್ದ ಚಿನ್ನದ ಕಣದ ಮೇಲೆ ಇನ್ನೂ ಚೆನ್ನಾಗಿ ಕೂತಿತು. ಕ್ವಾರ್ಟ್ಜ್ ಎಳೆಲಿ ಚಿನ್ನದ ದೊಡ್ಡ ಗಟ್ಟಿಗಳು ಯಾಕೆ ಸಿಗ್ತವೆ ಅನ್ನೋದಕ್ಕೆ ಇದು ಒಳ್ಳೇ ವಿವರಣೆ. ಆದ್ರೆ ನೀರಲ್ಲಿ ಚಿನ್ನ ಇರಬೇಕು ಮೊದಲು, ಕ್ವಾರ್ಟ್ಜ್ ಚಿನ್ನ ಹುಟ್ಟಿಸಲ್ಲ.

ಹಂಗಾದ್ರೆ ನಮ್ಮೂರ ರೀಫ್ ಕೆಳಗಿನ ಫಾಲ್ಟಿಂದ ಈಗ್ಲೂ ಭೂಕಂಪ ಆಗ್ತದಾ?

ರೀಫ್ ಇದೆ ಅನ್ನೋದು ಭೂಕಂಪಕ್ಕೆ ಸೂಚನೆ ಅಲ್ಲ. ನಮ್ಮ ಕಡೆಯ ನೆಲ ತುಂಬಾ ಹಳೇದು, ತಣ್ಣಗಾದದ್ದು. ಕೋಲಾರದ ಗಣಿಲಿ ಮೂರು ಕಿಲೋಮೀಟರ್ ಆಳಕ್ಕೆ ಕಲ್ಲಿನ ಬಿಸಿ 60ರಿಂದ 70 ಡಿಗ್ರಿ ಇತ್ತು ಅಷ್ಟೇ, ಬೇರೆ ಕಡೆ ಅಷ್ಟು ಆಳಕ್ಕೆ ನೂರರ ಹತ್ರ ಇರ್ತದೆ. ಈ ರೀಫ್ ಕಟ್ಟಿದ ಕಾಲದ ಬಿಸಿ, ಒತ್ತಡ, ನೀರು ಯಾವುದೂ ಈಗ ಅಲ್ಲಿಲ್ಲ.

ರೀಫಿನ ವಯಸ್ಸು ಹೆಂಗೆ ಕಂಡುಹಿಡೀತಾರೆ?

ಕ್ವಾರ್ಟ್ಜಲ್ಲಿ ವಿಕಿರಣ ಧಾತುಗಳು ಇಲ್ಲ ಅನ್ನೋ ಅಷ್ಟು ಕಮ್ಮಿ, ಅದಕ್ಕೇ ನೇರ ಅಳೆಯೋದು ಕಷ್ಟ. ಮೊದಲ ಕೆಲಸ ಯಾರು ಯಾರನ್ನ ಕತ್ತರಿಸಿದ್ದಾರೆ ಅಂತ ನೋಡೋದು. ರೀಫ್ ಗ್ರಾನೈಟನ್ನ ಸೀಳಿದ್ರೆ ವಯಸ್ಸಲ್ಲಿ ಗ್ರಾನೈಟಿಗಿಂತ ಚಿಕ್ಕದು, ಡೈಕ್ ಬಂದು ರೀಫನ್ನ ಸೀಳಿದ್ರೆ ವಯಸ್ಸಲ್ಲಿ ಡೈಕಿಗಿಂತ ದೊಡ್ಡದು. ನಮ್ಮ ಸೀಮೇಲಿ ಹಾದುಹೋಗೋ ಕ್ಲೋಸ್‌ಪೇಟೆ ಗ್ರಾನೈಟ್ 250 ಕೋಟಿ ವರ್ಷದ್ದು, ಅದನ್ನ ಸೀಳಿದ ರೀಫ್ ಸಿಕ್ಕಿದ್ರೆ ಅದಕ್ಕಿಂತ ಈಚೆಗಿನದು ಅಂತ ಗುಡ್ಡದ ಮೇಲೆ ನಿಂತೇ ಹೇಳಬಹುದು. ಆಮೇಲೆ ಲ್ಯಾಬಿನ ಕೆಲಸ: ರೀಫಿನ ಅಂಚಲ್ಲಿ ಬಿಸಿನೀರಿಂದ ಹುಟ್ಟಿದ ಅಭ್ರಕದಲ್ಲಿ ಪೊಟ್ಯಾಸಿಯಂ ಕ್ಷಯಿಸಿ ಹುಟ್ಟಿದ ಆರ್ಗಾನ್ ಎಷ್ಟಿದೆ ಅಂತ ಅಳೀತಾರೆ, ಎಳೆ ಒಳಗೆ ಮಾಲಿಬ್ಡಿನೈಟ್ ಅಥವಾ ಆರ್ಸೆನೋಪೈರೈಟ್ ಅನ್ನೋ ಗಂಧಕದ ಖನಿಜ ಇದ್ರೆ ರೀನಿಯಂ ಎಷ್ಟು ಆಸ್ಮಿಯಂ ಆಗಿದೆ ಅಂತ ಅಳೀತಾರೆ. ರೀಫ್ ಹಲವು ಸಲ ಕಟ್ಟಿರೋದ್ರಿಂದ ಒಂದೇ ರೀಫಲ್ಲಿ ಬೇರೆ ಬೇರೆ ವಯಸ್ಸು ಬರೋದೂ ಉಂಟು, ಆಗ ಯಾವ ಪದರದಿಂದ ಮಾದರಿ ತೆಗೆದ್ರು ಅಂತ ಮೊದಲು ಕೇಳಬೇಕು. ನಿಮ್ಮೂರ ಸುತ್ತ ಯಾವ ಕಲ್ಲು ಯಾವುದರ ಪಕ್ಕ ಇದೆ ಅಂತ ನೋಡೋಕೆ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಭೂಕೋಶ್ ಪೋರ್ಟಲಲ್ಲಿ ನಕ್ಷೆಗಳಿವೆ.